ಹದಿನೆಂಟು ಗೇಜು

ಸುಟ್ಟ ಮೋಟಾರಿನ ಹೊಟ್ಟೆ ಬಗೆದರೆ
ತಾಮ್ರ ಕಪ್ಪಗಿರುತ್ತದೆ, ತಳ ಹತ್ತಿದ ಪಾಯಸದ ಹಾಗೆ.
ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋಗುವ ಮಾಲು.
ಅದರಲ್ಲಿ ಒಂದು ಮಾರು ನಾನು ಎತ್ತಿಡುತ್ತೇನೆ.
ಸುಟ್ಟ ತಂತಿ ಹೊಸದಕ್ಕಿಂತ ಮೆತ್ತಗೆ,
ಹೇಳಿದ ಮಾತು ಕೇಳುತ್ತದೆ,
ಒಮ್ಮೆ ಬಗ್ಗಿದ ಮೇಲೆ ಅಲ್ಲೇ ಗಟ್ಟಿ.
ಇದನ್ನು ಯಾರೂ ಕಲಿಸಲಿಲ್ಲ, ಬೆರಳಿಗೆ ಗೊತ್ತಾಯಿತು.

ಅತ್ತಿಗಿಡ ಸಿಕ್ಕಿದ್ದು ಆಟೋ ಕಾಂಪ್ಲೆಕ್ಸಿನಲ್ಲಿ,
ಸಾಬ್ಜಾನನ ಲೇತ್ ಶೆಡ್ಡಿನ ಗೋಡೆಯ ಬಿರುಕಿನಲ್ಲಿ.
“ಕಿತ್ತು ಬಿಸಾಕು, ಗೋಡೆ ಒಡೀತದೆ” ಅಂದ.
ಕಿತ್ತೆ.
ಬಿಸಾಕುವುದು ಮರೆತುಹೋಯಿತು.
ಹನ್ನೊಂದು ವರ್ಷವಾಯಿತು, ಇನ್ನೂ ಮರೆತೇ ಇದ್ದೇನೆ.

ಅಲ್ಯೂಮಿನಿಯಂ ತಟ್ಟೆಗೆ ಡ್ರಿಲ್ಲಿನಿಂದ ಐದು ತೂತು.
ಒಡೆದ ಹೆಂಚು ಕುಟ್ಟಿ, ರವೆ ಜರಡಿಯಲ್ಲಿ ಸೋಸಿ
(ಆ ಜರಡಿಯನ್ನು ಚೌಡಮ್ಮ ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ)
ದಪ್ಪದ್ದು ಕೆಳಗೆ, ಸಣ್ಣದ್ದು ಮೇಲೆ.
ಎರಡು ವರ್ಷಕ್ಕೊಮ್ಮೆ, ಯುಗಾದಿಗೆ ಮುಂಚೆ,
ತಟ್ಟೆಯಿಂದೆತ್ತಿ ಬೇರು ಬಾಚುತ್ತೇನೆ,
ಮೂರರಲ್ಲಿ ಒಂದು ಪಾಲು ಕತ್ತರಿಸುತ್ತೇನೆ.
ಹೆಚ್ಚಾದರೆ ಸಾಯುತ್ತದೆ,
ಕಮ್ಮಿಯಾದರೆ ತಟ್ಟೆ ತುಂಬ ಬೇರೇ, ಮಣ್ಣಿಗೆ ಜಾಗವಿಲ್ಲ.

“ಹೊಟ್ಟೆಗೆ ಹಾಕದೆ ಸಾಕೋದೂ ಒಂದು ಸಾಕೋದಾ?”
ಅವಳು ಕೇಳಿದ್ದು ಒಂದೇ ಸಲ.
ನಾನು ಉತ್ತರ ಹುಡುಕುತ್ತಿರುವಾಗ
ಚೊಂಬು ನೀರು ತಂದು ಹುಯ್ದಳು,
ಹೆಂಚಿನ ಪುಡಿಯೆಲ್ಲ ಎದ್ದು ಹರಿಯುವಷ್ಟು ಜೋರಾಗಿ.
ಆಮೇಲೆ ಕಲಿತಳು.
ಹಾರ್ಲಿಕ್ಸ್ ಡಬ್ಬದ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು
ಈಗ ಅವಳೇ ಹನಿಸುತ್ತಾಳೆ, ಬೆಳಗ್ಗೆ, ಬೈಯುತ್ತ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ
ನಾಲ್ಕನೇ ಕ್ಲಾಸಿನಲ್ಲಿ ಬೆತ್ತ ಹಿಡಿದು ಕೇಳುತ್ತಿದ್ದರು.
ನಾನು ಬಗ್ಗಲಿಲ್ಲ, ಓದಲೂ ಇಲ್ಲ.
ಕೊಂಬೆಗೆ ತಂತಿ ಸುತ್ತಿ,
ಕೆಳಗಿನಿಂದ ಹೆಬ್ಬೆರಳು ಆನಿಸಿ ಒತ್ತುವಾಗ
ಚಿಟಕ್ ಅನ್ನುವ ಮೊದಲೇ ನಿಲ್ಲಬೇಕು.
ಮೊದಲೇ ಅಂದರೆ ಎಷ್ಟು ಮೊದಲು,
ಅದು ಯಾವ ಗಾದೆಯಲ್ಲೂ ಇಲ್ಲ.

ಒಂದು ಆಷಾಢ ಬೈಕಿನಿಂದ ಬಿದ್ದು ಮೆಗ್ಗಾನ್ ಆಸ್ಪತ್ರೆ ಸೇರಿದೆ.
ತೊಡೆಯ ಮೂಳೆಗೆ ಸರಳು ಹಾಕಿದರು.
ಎರಡು ತಿಂಗಳು ಮಹಡಿ ಹತ್ತಲಿಲ್ಲ.
ಅವಳು ನೀರು ಹಾಕಿದ್ದಳು,
ತಂತಿ ಬಿಚ್ಚಬೇಕೆಂದು ಅವಳಿಗೆ ಹೇಳಿದವರು ಯಾರು?
ನಾನು ಕುಂಟುತ್ತ ಹೋಗಿ ನೋಡಿದಾಗ
ಕೊಂಬೆ ಊದಿ, ತಾಮ್ರ ತೊಗಟೆಯೊಳಗೆ ಮುಳುಗಿತ್ತು,
ಬಾತ ಕೈಯಲ್ಲಿ ಬಳೆ ಕಚ್ಚಿಕೊಂಡ ಹಾಗೆ.
ಸುರುಳಿ ಬಿಚ್ಚಬಾರದು; ಬಿಚ್ಚಿದರೆ ಕೊಂಬೆ ಮುರಿಯುತ್ತದೆ.
ಒಂದೊಂದೇ ಸುತ್ತು ಕಟ್ಟರಿನಲ್ಲಿ ತುಂಡರಿಸಿದೆ,
ಇಪ್ಪತ್ಮೂರು ತುಂಡು.
ಹಾಲು ಒಸರಿತು.
ಗಾಯ ಮುಚ್ಚುತ್ತದೆ ಅಂದುಕೊಂಡಿದ್ದೆ.
ಮುಚ್ಚಲಿಲ್ಲ. ಆ ಗೆರೆಗಳನ್ನೂ ಸೇರಿಸಿಕೊಂಡೇ ದಪ್ಪವಾಯಿತು.
ಬ್ಯಾಂಕಿನ ವಿನುತಾ ಮೇಡಂ ಎಂಟು ಸಾವಿರ ಕೊಡುತ್ತೇನೆಂದು ಬಂದವರು
ಅದೇ ಗೆರೆಯನ್ನು ಸವರಿ, “ಎಷ್ಟು ಚೆನ್ನಾಗಿದೆ” ಅಂದರು.
ಕೊಡಲಿಲ್ಲ.

ಕಳೆದ ಮಾಘದಲ್ಲಿ ಕಾಂಡದಿಂದ ನೇರ ಕಾಯಿ ಬಿಟ್ಟಿತು.
ಎಲೆ ಕಿತ್ತು ಕಿತ್ತು ಚಿಕ್ಕದು ಮಾಡಿದ್ದೆ,
ಕಾಂಡ ನನ್ನ ಮುಂಗೈ ಗಾತ್ರ,
ಎತ್ತರ ಒಂದೂವರೆ ಅಡಿ.
ಕಾಯಿ ಮಾತ್ರ ತುಂಗೆಯ ದಡದ ಮರದ್ದು ಎಷ್ಟೋ ಅಷ್ಟೇ!
ಹದಿನೆಂಟಲ್ಲ, ಯಾವ ಗೇಜಿನ ತಂತಿಗೂ
ಅದನ್ನು ಕುಗ್ಗಿಸಲು ಬರಲಿಲ್ಲ.

ಕೆಂಪಾದದ್ದೊಂದನ್ನು ಬಿಚ್ಚಿದೆ.
ಅತ್ತಿಹಣ್ಣು ಬಿಚ್ಚಿದರೆ ಹುಳ ಅಂತ ಜನ ಹಳಿಯುತ್ತಾರೆ.
ನಾನು ಹುಳ ಕಂಡು ಚೌಡಮ್ಮನನ್ನು ಕೂಗಿದೆ.
ನೋಡು, ಸಾಸಿವೆಗಿಂತ ಸಣ್ಣದು,
ಹೊಳೆಯ ಕಡೆಯಿಂದ, ಸಿಂಟೆಕ್ಸ್ ಟ್ಯಾಂಕು, ಡಿಶ್ ಆಂಟೆನಾಗಳ ಮೇಲೆ ಹಾರಿ,
ಯಾವುದೋ ಹುಳ ಈ ತಟ್ಟೆಯನ್ನು ಹುಡುಕಿಕೊಂಡು ಬಂದಿದೆ.
ಇಲ್ಲೊಂದು ಮರ ಇದೆ ಅಂತ
ಅದಕ್ಕೆ ಯಾರು ಹೇಳಿದರು?

ಅವಳು ಹುಳ ಊದಿ, ಅರ್ಧ ಕಚ್ಚಿದಳು.
“ಸಪ್ಪೆ” ಅಂದಳು.
ಉಳಿದರ್ಧ ನನ್ನ ಬಾಯಿಗಿಟ್ಟಳು.
ನಿಜ, ಸಪ್ಪೆಯೇ.